ಕೇಳದವರ ಮನೆಗೆ ಮೊದಲ ಪಾಲು

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮ ಜಮಾತಿನಲ್ಲಿ ಬಕ್ರೀದ್ ಕುರ್ಬಾನಿಯ ಪಾಲು ಹಂಚುವುದು, ರಂಜಾನಿನ ಜಕಾತ್ ಮತ್ತು ಫಿತ್ರಾ ಪಟ್ಟಿ ಇಡುವುದು ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದ ಕೆಲಸ. ಪಟ್ಟಣ ಒಂದೇ ಅಲ್ಲ. ಹೊನ್ನವಳ್ಳಿ, ನೊಣವಿನಕೆರೆ, ತುರುವೇಕೆರೆ ಕಡೆಯ ದಂಡಿನಶಿವರ, ಮಾಯಸಂದ್ರ, ಚಿಕ್ಕನಾಯಕನಹಳ್ಳಿ ಕಡೆಯ ಶೆಟ್ಟಿಕೆರೆ, ಹುಳಿಯಾರಿನವರೆಗೂ ನಮ್ಮ ಹುಡುಗರು ಬೈಕಿನಲ್ಲಿ ಹೋಗಿ ಬರುತ್ತಾರೆ. ಈಗ ಪಟ್ಟಿಯನ್ನು ಕಿರಿಯರ ಕೈಗೆ ಒಪ್ಪಿಸುವ ಹೊತ್ತು. ಅವರಿಗೆಂದೇ ಬರೆದಿಟ್ಟ ಮಾತುಗಳಿವು. ನಾವು ಹನಫಿ ಪಂಗಡದವರಾದ್ದರಿಂದ ಇಲ್ಲಿ ಹೇಳಿರುವ ಮಸಲೆಗಳೂ, ಅಂದರೆ ಧರ್ಮದ ನಿಯಮಗಳೂ, ಆ ಪ್ರಕಾರವೇ ಇವೆ.

1. ಕೇಳುವವರು ತಾವೇ ಬರುತ್ತಾರೆ. ಕೇಳದವರನ್ನು ನಾವು ಹುಡುಕಿಕೊಂಡು ಹೋಗಬೇಕು.

ಈದ್ಗಾದಿಂದ ಮನೆಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಚೀಲ ಹಿಡಿದವರು ನಿಂತಿರುತ್ತಾರೆ. ಅವರನ್ನು ಬರಿಗೈಯಲ್ಲಿ ಕಳಿಸಬಾರದು. ಆದರೆ ಪಟ್ಟಿ ಅವರಿಂದ ಶುರುವಾಗಬಾರದು. ಕುರ್ಬಾನಿಯ ಮಾಂಸವನ್ನು ಯಾರಿಗೆ ಉಣಿಸಬೇಕೆಂದು ಹೇಳುವಾಗ ಕುರ್‌ಆನಿನ ಹಜ್ ಅಧ್ಯಾಯದ 36ನೇ ಆಯತ್ತು ಎರಡು ಬಗೆಯ ಜನರನ್ನು ಹೆಸರಿಸುತ್ತದೆ. ಇದ್ದುದರಲ್ಲೇ ಸಮಾಧಾನಪಟ್ಟು ಕೈಚಾಚದವರು ಒಂದು ಬಗೆ, ಕೇಳಿಕೊಂಡು ಬರುವವರು ಇನ್ನೊಂದು. ಕೈಚಾಚದವರ ಮಾತೇ ಅಲ್ಲಿ ಮೊದಲು ಬರುತ್ತದೆ. ನಮ್ಮ ಪಟ್ಟಿಯ ಕ್ರಮವೂ ಹಾಗೇ ಇರಬೇಕು.

ನಮ್ಮ ಸೀಮೆಯಲ್ಲಿ ಕೈಚಾಚದವರು ಯಾರು? ಕಾಯಿ ಪುಡಿ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಚಿಪ್ಪು ಬಿಡಿಸಿ ಕಂದು ಸಿಪ್ಪೆ ಹೆರೆಯುವ ಹೆಂಗಸು. ಕಾಯಿ ಕೀಳಲು ಮರ ಹತ್ತಿ ಬಿದ್ದು ಸೊಂಟ ಹೋದವನ ಮನೆ. ಮಂಡಿಯಲ್ಲಿ ಜೀವನವಿಡೀ ಮೂಟೆ ಹೊತ್ತು ಈಗ ಮಂಡಿ ನೋವಿನಿಂದ ಜಗಲಿಯಲ್ಲಿ ಕೂತ ಹಮಾಲಿ. ಗಂಡ ತೀರಿಕೊಂಡು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ವಿಧವೆ. ಆಕೆ ಯಾವ ಸಾಲಿನಲ್ಲಿ ಬಂದು ನಿಲ್ಲಬೇಕು? ದಿನಕ್ಕೆ ಐದು ಸಲ ನಮ್ಮನ್ನು ನಮಾಜಿಗೆ ಕರೆಯುವ ಮೌಜನ್ ಸಾಹೇಬರನ್ನು ಮರೆಯುವ ಜಮಾತುಗಳೂ ಇವೆ. ಅವರ ಸಂಬಳ ಎಷ್ಟೆಂದು ಕಮಿಟಿಯವರಿಗೆ ಗೊತ್ತಿದ್ದರೂ ಅವರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಕೇಳುವವರು ಕಡಿಮೆ.

ಹುಡುಕುವ ದಾರಿ ಹೇಳುತ್ತೇನೆ. ಹಬ್ಬಕ್ಕೆ ಒಂದು ತಿಂಗಳು ಮುಂಚೆ ಬೀದಿಯ ಕಿರಾಣಿ ಅಂಗಡಿಯವರನ್ನು ಕಾಣಿರಿ. ಯಾರ ಬಾಕಿ ಎಷ್ಟು ಎಂದು ಕೇಳಬೇಡಿ, ಅದು ಅವರ ಗುಟ್ಟು. ಯಾವ ಮನೆಯವರು ಈಚೆಗೆ ಪ್ಯಾಕೆಟ್ ಎಣ್ಣೆ ಬಿಟ್ಟು ಸೀಸೆಗೆ ಬಿಡಿ ಎಣ್ಣೆ ಹಾಕಿಸಿಕೊಳ್ಳುತ್ತಿದ್ದಾರೆ ಎಂದು ಕೇಳಿ. ಔಷಧಿ ಅಂಗಡಿಯವರಿಗೆ ಚೀಟಿಯಲ್ಲಿ ಬರೆದ ಮಾತ್ರೆಗಳಲ್ಲಿ ಅರ್ಧ ಮಾತ್ರ ಕೊಂಡು ಹೋಗುವವರು ಯಾರೆಂದು ತಿಳಿದಿರುತ್ತದೆ. ಶಾಲೆಯ ಮೇಡಂಗೆ ಮಧ್ಯಾಹ್ನದ ಊಟಕ್ಕೆಂದೇ ತಪ್ಪದೆ ಬರುವ ಮಗು ಯಾವುದೆಂದು ಗೊತ್ತು. ಇದೆಲ್ಲಕ್ಕಿಂತ ಮುಖ್ಯವಾದ ಮಾತು: ಹೆಂಗಸರನ್ನು ಸೇರಿಸಿಕೊಳ್ಳದೆ ಈ ಪಟ್ಟಿ ಮಾಡಬೇಡಿ. ಗಂಡಸರು ಜಗಲಿಯವರೆಗೆ ಹೋಗುತ್ತಾರೆ, ಹೆಂಗಸರು ಅಡುಗೆಮನೆಯವರೆಗೆ ಹೋಗುತ್ತಾರೆ.

ದೂರದ ಹಳ್ಳಿಗಳಲ್ಲಿ ಒಂದೋ ಎರಡೋ ಮುಸಲ್ಮಾನ ಮನೆಗಳಿರುತ್ತವೆ. ಮಸೀದಿ ಇಲ್ಲ, ಜಮಾತಿಲ್ಲ, ಹೀಗಾಗಿ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಹಾಸಿಗೆ ಹೊಲಿಯುವ ಪಿಂಜಾರರ ಮನೆಗಳು ಎಷ್ಟೋ ಇಂಥವು. ಸರ್ಕಾರದ ಲೆಕ್ಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿದ್ದಾರೆ. ನಮ್ಮ ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ. ಹುಳಿಯಾರು ಕಡೆಯ ಒಂದು ಹಳ್ಳಿಯಲ್ಲಿ ಅಂಥ ಒಬ್ಬರು ಅಜ್ಜಿ, ಪಾಲು ತಂದ ಹುಡುಗನಿಗೆ, "ನಮಗ್ ಬಂದೈತೆ ಕಣಪ್ಪ, ಇಲ್ದೋರ್ಗೆ ಕೊಡೋಗು" ಎಂದರು. ಪಕ್ಕದ ಹಟ್ಟಿಯ ಹೆಂಗಸು ಹೊರಗೆ ಬಂದು, "ಏನೂ ಬಂದಿಲ್ಲ ಸಾಬ್ರೇ, ನಿನ್ನೆಯಿಂದ ಮುದ್ದೆ ಉಪ್ಸಾರೇ ಅವರ್ದು" ಎಂದು ಮೆಲ್ಲಗೆ ಹೇಳಿದಳು. ಇಂಥ ಕಡೆ ಒತ್ತಾಯ ಮಾಡಿದರೆ ಮನಸ್ಸು ನೋಯುತ್ತದೆ, ಸುಮ್ಮನೆ ವಾಪಸು ಬಂದರೆ ಹೊಟ್ಟೆ ನೋಯುತ್ತದೆ. ಅದಕ್ಕೊಂದು ಉಪಾಯವಿದೆ. ಕುರ್ಬಾನಿಯ ಮೂರು ಪಾಲಿನಲ್ಲಿ ಒಂದು ಮನೆಯವರದ್ದು, ಒಂದು ಬಡವರದ್ದು, ಇನ್ನೊಂದು ಬಂಧುಬಳಗದ್ದು, ಸ್ನೇಹಿತರದ್ದು. ಇಂಥ ಮನೆಗೆ ಬಡವರ ಪಾಲಿನಿಂದ ಕೊಡಬೇಡಿ, ಬಂಧುಗಳ ಪಾಲಿನಿಂದ ಕೊಡಿ. "ಅಜ್ಜಿ, ಇದು ದಾನ ಅಲ್ಲ, ನೆಂಟರ ಪಾಲು. ನಮ್ಮಮ್ಮ ಕಳಿಸವ್ರೆ" ಎಂದು ಆ ಹುಡುಗ ಹೇಳಿದ. ಅಜ್ಜಿ ಎದ್ದು ಪಾತ್ರೆ ತಂದರು. ಹುಡುಗ ಹೇಳಿದ್ದು ಸುಳ್ಳಲ್ಲ. ಅವನ ಅಮ್ಮ ಆ ಪಾಲನ್ನು ಬೇರೆಯಾಗಿಯೇ ಕಟ್ಟಿಕೊಟ್ಟಿದ್ದರು.

2. ಸಾಲ ಮಾಡಿ ಕುರ್ಬಾನಿ ಕೊಡುವುದು ಬೇಡ.

ನಿಸಾಬಿನಷ್ಟು ಆಸ್ತಿ ಇದ್ದವರ ಮೇಲೆ ಮಾತ್ರ ಕುರ್ಬಾನಿ ವಾಜಿಬ್, ಅಂದರೆ ಕಡ್ಡಾಯ. ನಿಸಾಬ್ ಎಂದರೆ 612.36 ಗ್ರಾಂ ಬೆಳ್ಳಿಯ ಬೆಲೆ, ಅದೂ ಸಾಲ ಮತ್ತು ಮನೆಯ ಅಗತ್ಯಗಳನ್ನು ಕಳೆದು ಉಳಿದದ್ದು. ಅದಿಲ್ಲದವರಿಗೆ ಧರ್ಮ ಯಾವ ಭಾರವನ್ನೂ ಹೊರಿಸಿಲ್ಲ. ಹೊರಿಸುವವರು ಬೀದಿಯವರು. "ಅವರ ಮನೇಲಿ ಮೇಕೆ ಕಟ್ಟಿಲ್ಲ" ಎಂಬ ಒಂದು ಮಾತಿಗೆ ಅಂಜಿ ಬಡ್ಡಿಗೆ ಹಣ ತಂದು ಮೇಕೆ ಕಟ್ಟುವವರನ್ನು ನಾನು ಬಲ್ಲೆ. ಬಡ್ಡಿಯ ಹಣದಿಂದ ಇಬಾದತ್ ಮಾಡುವ ಸ್ಥಿತಿ ಯಾರಿಗೂ ಬರಬಾರದು. ಹಬ್ಬದ ಹಿಂದಿನ ಜುಮ್ಮಾದಂದು ಈ ಮಾತನ್ನು ಮಿಂಬರಿನಿಂದಲೇ ಹೇಳಿಸಿರಿ. ಹಜ್ರತರು ಹೇಳಿದರೆ ಬಡವನ ಮಾನ ಉಳಿಯುತ್ತದೆ.

3. ಪ್ರಾಣಿಯನ್ನು ಹಟ್ಟಿಯಲ್ಲೇ ಕೊಳ್ಳಿರಿ, ಮುಂಚೆಯೇ ಕೊಳ್ಳಿರಿ.

ಹಬ್ಬದ ವಾರ ಬಂತೆಂದರೆ ಸಂತೆಯಲ್ಲಿ ಬೆಲೆ ಏರುತ್ತದೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಗೆ ಬೆಂಗಳೂರಿನವರೂ ಬಂದು ನಿಂತ ಮೇಲೆ ನಮ್ಮ ಕಡೆಯ ಸಣ್ಣ ಕೊಳ್ಳುಗನಿಗೆ ಅಲ್ಲಿ ನಿಲ್ಲುವುದು ಕಷ್ಟ. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಗೊಲ್ಲರಹಟ್ಟಿಗಳಲ್ಲಿ, ಕುರುಬರ ಮನೆಗಳಲ್ಲಿ ಎರಡು ತಿಂಗಳು ಮೊದಲೇ ಮಾತಾಡಿ ಮುಂಗಡ ಕೊಟ್ಟು ಪ್ರಾಣಿಯನ್ನು ಅವರಲ್ಲೇ ಮೇಯಲು ಬಿಟ್ಟರೆ ಇಬ್ಬರಿಗೂ ಒಳ್ಳೆಯದು. ಮೇವಿನ ಖರ್ಚನ್ನು ಬೇರೆಯಾಗಿ ಕೊಡಿ. ವರ್ಷವೆಲ್ಲ ಬಿಸಿಲಲ್ಲಿ ನಿಂತು ಕಾದವರ ಬಳಿ ಕೊನೆಯ ನೂರು ರೂಪಾಯಿಗೆ ಜಗ್ಗಾಡಬೇಡಿ. ಬಕ್ರೀದ್ ಅವರ ಮನೆಗೂ ದುಡ್ಡು ಕಾಣುವ ಕಾಲ, ಮಗಳ ಮದುವೆಯನ್ನು ಈ ಮಾರಾಟ ನೆಚ್ಚಿಕೊಂಡೇ ಗೊತ್ತು ಮಾಡಿದವರು ಇರುತ್ತಾರೆ.

ಮೇಕೆಗೆ ವರ್ಷ ತುಂಬಿರಬೇಕು. ಕುರಿ ಆರು ತಿಂಗಳದಾದರೂ ನೋಡಲು ವರ್ಷದ್ದರಂತೆ ಮೈತುಂಬಿಕೊಂಡಿದ್ದರೆ ಸಾಕು. ಹಲ್ಲು ನೋಡಲು ಕಲಿಯಿರಿ: ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ ಎಂದೇ ಲೆಕ್ಕ. ಒಂದು ಕಣ್ಣು ಹೋದದ್ದು, ನಡೆಯಲಾರದಷ್ಟು ಕುಂಟುವುದು, ಎಲುಬು ಎದ್ದು ಕಾಣುವಷ್ಟು ಬಡಕಲಾದದ್ದು ನಡೆಯುವುದಿಲ್ಲ. ನಡೆಸಿ ನೋಡಿ, ಬಾಯಿ ಬಿಡಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ.

ಉಳ್ಳವರಲ್ಲಿ ಈಚೆಗೆ ಒಂದು ಗೀಳು ಹತ್ತಿದೆ. ಭಾರೀ ಬೆಲೆಯ ಟಗರು ತಂದು, ಹಾರ ಹಾಕಿ, ಫೋಟೋ ತೆಗೆದು ಹಂಚುವುದು. ಅಲ್ಲಾಹನಿಗೆ ತಲುಪುವುದು ಮಾಂಸವಲ್ಲ, ರಕ್ತವಲ್ಲ, ಮನಸ್ಸಿನ ಭಕ್ತಿ ಎಂಬ ಅರ್ಥದ ಮಾತು ಅದೇ ಹಜ್ ಅಧ್ಯಾಯದಲ್ಲಿದೆ. ಅಂಥ ಒಂದು ಟಗರಿನ ಹಣದಲ್ಲಿ ಮೂರು ಸಾಧಾರಣ ಹೋತ ಬರುತ್ತವೆ. ಮೂರರ ಬಡವರ ಪಾಲು ಒಂದರ ಪಾಲಿಗಿಂತ ಎಷ್ಟೋ ಹೆಚ್ಚು ಮನೆ ಮುಟ್ಟುತ್ತದೆ. ಕೊಡುವವರ ಮುಖಕ್ಕೇ ಇದನ್ನು ಹೇಳುವ ಧೈರ್ಯ ಕಮಿಟಿಯವರಿಗೆ ಇರಬೇಕು.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದೆ ದೊಡ್ಡ ಪ್ರಾಣಿಯಲ್ಲಿ ಏಳು ಪಾಲು ಹಾಕಿ ಸಣ್ಣ ಆದಾಯದವರೂ ಕುರ್ಬಾನಿ ಕೊಡುತ್ತಿದ್ದರು. 2021ರ ಜನವರಿಯಿಂದ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ನಿಷೇಧ ಕಾಯ್ದೆಯಲ್ಲಿ ಹಸು, ಕರು ಮಾತ್ರವಲ್ಲ, ಎತ್ತು, ಹೋರಿಗಳನ್ನೂ ಕಡಿಯುವಂತಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದಕ್ಕೂ ಪ್ರಮಾಣಪತ್ರ ಬೇಕು. ನಮ್ಮ ಜಮಾತಿನಲ್ಲಿ ಕುರಿ, ಮೇಕೆ ಬಿಟ್ಟು ಬೇರೆ ಮಾತಿಲ್ಲ. ಒಂದು ಕುರಿ ಒಬ್ಬರದೇ ಕುರ್ಬಾನಿ, ಅದರಲ್ಲಿ ಪಾಲುಗಾರಿಕೆ ನಡೆಯದು. ಹೀಗಾಗಿ ಕೊಡುವ ಮನೆಗಳೂ ಕಡಿಮೆಯಾಗಿವೆ, ಹಂಚುವ ಮಾಂಸವೂ ಕಡಿಮೆಯಾಗಿದೆ. ಇರುವುದನ್ನು ಸರಿಯಾಗಿ ಹಂಚುವ ಜವಾಬ್ದಾರಿ ಅದರಿಂದಲೇ ಹೆಚ್ಚಾಗಿದೆ.

4. ಗುಡ್ಡೆ ಹಾಕಲು ಕಲಿಯಿರಿ.

ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕುವುದನ್ನು ಎಲ್ಲರೂ ನೋಡಿದ್ದೀರಿ. ಹತ್ತು ಮನೆಯವರು ಸೇರಿ ಕುರಿ ಕೊಯ್ದು, ತೆಂಗಿನ ಸೋಗೆಯ ಮೇಲೆ ಹತ್ತು ಗುಡ್ಡೆ ಮಾಡುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯ ತುಂಡು, ಪಕ್ಕೆಲುಬು, ಈಲಿ, ಬೋಟಿ ಸಮ ಸಮ ಬೀಳಬೇಕು. ಯಾವ ಗುಡ್ಡೆ ಯಾರದು ಎಂದು ಹಾಕುವವನಿಗೇ ಗೊತ್ತಿರುವುದಿಲ್ಲ, ಅದಕ್ಕೇ ಅವನ ಕೈ ನ್ಯಾಯವಾಗಿರುತ್ತದೆ. ನಮ್ಮ ಹುಡುಗರಿಗೆ ನಾನು ಕಲಿಸಿದ್ದು ಇದನ್ನೇ. ತೊಡೆ ಫ್ರಿಜ್ಜಿಗೆ, ಮೂಳೆ ಬಡವರಿಗೆ ಎಂಬ ಹಂಚಿಕೆ ನಮ್ಮಲ್ಲಿ ಆಗಬಾರದು. ಮೊದಲು ಎಲ್ಲವನ್ನೂ ಬೆರೆಸಿ ಮೂರು ರಾಶಿ ಮಾಡಿ, ಆಮೇಲೆ ಯಾವುದು ಯಾರದೆಂದು ಗೊತ್ತುಮಾಡಿ.

ಲೆಕ್ಕ ಹೀಗೆ. ಜೀವಂತ ಮೂವತ್ತು ಕೆಜಿ ತೂಗುವ ಹೋತದಿಂದ ಸುಮಾರು ಹದಿನಾಲ್ಕು ಕೆಜಿ ಮಾಂಸ ಬರುತ್ತದೆ. ಅದರ ಮೂರನೇ ಒಂದು ಪಾಲು ಐದು ಕೆಜಿಗೂ ಕಡಿಮೆ. ಮನೆಗೆ ಅರ್ಧ ಕೆಜಿಯಂತೆ ಒಂಬತ್ತು ಮನೆ. ಅರ್ಧ ಕೆಜಿಗಿಂತ ಕಡಿಮೆ ಕೊಡುವುದು ಬೇಡ. ಐದಾರು ಜನರ ಮನೆಗೆ ಕಾಲು ಕೆಜಿ ಕಳಿಸಿದರೆ ಮಕ್ಕಳ ತಟ್ಟೆಗೆ ಎರಡು ತುಂಡು ಬಿದ್ದು, ಅಮ್ಮನ ತಟ್ಟೆಗೆ ಬರೀ ಸಾರು ಬೀಳುತ್ತದೆ. ಮೂರು ಪಾಲು ಮಾಡುವುದು ಮುಸ್ತಹಬ್, ಕಡ್ಡಾಯವಲ್ಲ. ಅನುಕೂಲವಿದ್ದವರು ಎರಡು ಪಾಲನ್ನೂ, ಬೇಕಾದರೆ ಪೂರ್ತಿಯನ್ನೂ ಹಂಚಬಹುದು. ದೊಡ್ಡ ಸಂಸಾರದ ಬಡವ ಕುರ್ಬಾನಿ ಕೊಟ್ಟರೆ ಅಷ್ಟನ್ನೂ ಮನೆಯಲ್ಲೇ ಇಟ್ಟುಕೊಳ್ಳಬಹುದು, ಅವನನ್ನು ಯಾರೂ ಪ್ರಶ್ನಿಸಬಾರದು.

ಕೊಯ್ದು ಕೊಡುವವನ ಕೂಲಿಯನ್ನು ಹಣದಲ್ಲೇ ಕೊಡಿ. ಮಾಂಸವನ್ನೋ ಚರ್ಮವನ್ನೋ ಕೂಲಿಯಾಗಿ ಕೊಡಬಾರದೆಂದು ಪ್ರವಾದಿಯವರು ಹಜ್ರತ್ ಅಲಿಯವರಿಗೆ ಹೇಳಿದ್ದು ಹದೀಸಿನಲ್ಲಿದೆ. ಕೂಲಿ ಕೊಟ್ಟ ಮೇಲೆ ಅವನಿಗೂ ಒಂದು ಪಾಲು ಕೊಡಿ. ಅವನ ಮನೆಯಲ್ಲೂ ಹಬ್ಬವೇ.

5. ಮೂರು ದಿನವನ್ನೂ ಬಳಸಿಕೊಳ್ಳಿ.

ಎಲ್ಲರಿಗೂ ಕುರ್ಬಾನಿ ಮೊದಲ ದಿನವೇ ಮುಗಿಯಬೇಕೆಂಬ ಆತುರ. ಹನ್ನೊಂದು ಗಂಟೆಗೆಲ್ಲ ಮಸೀದಿ ಸುತ್ತಲ ಬೀದಿಯ ಒಂದೊಂದು ಮನೆಗೆ ಆರೇಳು ಪೊಟ್ಟಣ ಬಂದಿರುತ್ತವೆ, ಹಳ್ಳಿಗಳಿಗೆ ಒಂದೂ ಹೋಗಿರುವುದಿಲ್ಲ. ಬಡವರ ಮನೆಯಲ್ಲಿ ಫ್ರಿಜ್ ಇಲ್ಲ. ಬಕ್ರೀದ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2020ರಲ್ಲಿ ಆಗಸ್ಟ್ 1ಕ್ಕೆ ಬಂದದ್ದು 2025ರಲ್ಲಿ ಜೂನ್ 7ಕ್ಕೆ ಬಂತು. ಆ ವರ್ಷಗಳಲ್ಲೆಲ್ಲ ಮುಂಗಾರಿನ ಜೊತೆಗೇ ಹಬ್ಬ ಬಂತು. ಒದ್ದೆ ಗಾಳಿಯಲ್ಲಿ, ಕರೆಂಟು ಹೋಗಿಬರುವ ಊರಿನಲ್ಲಿ ಸಂಜೆಗೆಲ್ಲ ಮಾಂಸದ ವಾಸನೆ ತಿರುಗುತ್ತದೆ.

ಧರ್ಮ ಮೂರು ದಿನ ಕೊಟ್ಟಿದೆ. ಜಿಲ್‌ಹಜ್ ಹತ್ತರ ಈದ್ ನಮಾಜಿನಿಂದ ಹನ್ನೆರಡರ ಸೂರ್ಯಾಸ್ತದವರೆಗೆ ಕುರ್ಬಾನಿ ಆಗುತ್ತದೆ. ನಾಲ್ಕಾರು ಪ್ರಾಣಿ ಕೊಡುವ ಮನೆಯವರನ್ನು ಮೊದಲೇ ಒಪ್ಪಿಸಿ, ಒಂದೆರಡನ್ನು ಎರಡನೆಯ, ಮೂರನೆಯ ದಿನಕ್ಕೆ ಇಡಿಸಿ. ಎರಡನೆಯ ದಿನ ತುರುವೇಕೆರೆ ಕಡೆ, ಮೂರನೆಯ ದಿನ ಹುಳಿಯಾರು ಕಡೆ ಎಂದು ಗೊತ್ತುಮಾಡಿಕೊಂಡರೆ ಪ್ರತಿ ಮನೆಗೂ ತಾಜಾ ಮಾಂಸ ತಲುಪುತ್ತದೆ. ಪಟ್ಟಿಯನ್ನು ಬೀದಿವಾರು ಹರಿದು, ಒಂದೊಂದು ಚೀಟಿ ಒಬ್ಬೊಬ್ಬ ಹುಡುಗನ ಜೇಬಿನಲ್ಲಿರಲಿ. ಸ್ಟೀಲ್ ಡಬ್ಬಿ, ಬಾಳೆಎಲೆ ಬಳಸಿ. ತೆಳು ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಬಿಸಿ ಮಾಂಸ ಅದರಲ್ಲಿ ಬೇಗ ಕೆಡುತ್ತದೆ ಕೂಡ.

6. ಮಾಂಸದ ಜೊತೆ ಅಡುಗೆಯ ಸಾಮಾನೂ ಹೋಗಲಿ.

ಅರ್ಧ ಕೆಜಿ ಮಾಂಸ ಬೇಯಲು ಈರುಳ್ಳಿ, ಎಣ್ಣೆ, ಖಾರದಪುಡಿ, ಕಾಯಿ, ಜೊತೆಗೆ ಅಕ್ಕಿ ಬೇಕು, ಉರಿ ಬೇಕು. ಇದು ತೆಂಗಿನ ಸೀಮೆ, ಕಾಯಿಗೇನು ಬರ ಎಂದು ಹೊರಗಿನವರು ತಿಳಿದಾರು. ದಿನವಿಡೀ ಬೇರೆಯವರ ಕಾಯಿ ಸುಲಿಯುವ ಮನೆಯಲ್ಲಿ ಸಾರಿಗೆ ಹಾಕಲು ಒಂದು ಹೋಳು ಕಾಯಿ ಇರುವುದಿಲ್ಲ. ಬೆಲೆ ಏರಿದ ವರ್ಷವಂತೂ ಅದನ್ನು ಕೇಳುವ ಹಾಗೇ ಇಲ್ಲ. ಹಬ್ಬದ ಹಿಂದಿನ ದಿನವೇ ಸಾಮಾನಿನ ಚೀಲ ತಲುಪಿಸಿ, ಮಾಂಸ ಮರುದಿನ ಬರಲಿ. ಹಿಂದಿನ ದಿನ ಹೋದಾಗ ಮನೆಯವರ ಜೊತೆ ನಾಲ್ಕು ಮಾತಾಡಲು ಸಮಯವಿರುತ್ತದೆ. ಸಿಲಿಂಡರ್ ಖಾಲಿ, ಮಗ ಶಾಲೆ ಬಿಟ್ಟಿದ್ದಾನೆ, ಕಣ್ಣಿನ ಆಪರೇಷನ್ ಮುಂದೆ ಹೋಗಿದೆ, ಇವೆಲ್ಲ ತಿಳಿಯುವುದು ಆಗ. ನಮ್ಮ ಜಕಾತಿನ ಪಟ್ಟಿಯ ಒಳ್ಳೆಯ ಭಾಗವೆಲ್ಲ ಹುಟ್ಟಿದ್ದು ಬಕ್ರೀದಿನ ಈ ಓಡಾಟದಲ್ಲೇ. ಮಾಂಸ ಒಂದು ದಿನದ್ದು, ಆದರೆ ಅದನ್ನು ಹೊತ್ತು ಹೋದವರಿಗೆ ಒಂದು ವರ್ಷಕ್ಕಾಗುವಷ್ಟು ಸುದ್ದಿ ಸಿಗುತ್ತದೆ. ಹುಡುಗರು ವಾಪಸು ಬಂದ ಕೂಡಲೇ ಕೂರಿಸಿಕೊಂಡು ಕೇಳಿ ಬರೆದಿಡಿ, ನಾಳೆಗೆ ಬಿಡಬೇಡಿ.

7. ನೆರೆಯವರು.

ಕುರ್ಬಾನಿಯ ಮಾಂಸವನ್ನು ಮುಸಲ್ಮಾನರಲ್ಲದವರಿಗೂ ಕೊಡಬಹುದು. ಪ್ರಾಣಿ ಸಾಕಿ ಕೊಟ್ಟ ಹಟ್ಟಿಯವರಿಗೆ, ಜೊತೆಯಲ್ಲಿ ಮೂಟೆ ಹೊರುವವರಿಗೆ, ಪೌರಕಾರ್ಮಿಕರಿಗೆ ತಿನ್ನುವವರೆಂದು ತಿಳಿದಿದ್ದರೆ ಗೌರವದಿಂದ ಕೊಡಿ. ನಮ್ಮ ಕಡೆ ಲಿಂಗಾಯತರ ಮನೆಗಳು ಹೆಚ್ಚು, ಅವರ ತೋಟದಲ್ಲಿ, ಮಂಡಿಯಲ್ಲಿ ನಮ್ಮ ಜನ ಕೆಲಸ ಮಾಡುತ್ತಾರೆ. ಮಾಂಸ ಮುಟ್ಟದ ಆ ಮನೆಗಳಿಗೆ ಹಿಂದಿನ ರಾತ್ರಿಯೇ ಬೇರೆ ಪಾತ್ರೆಯಲ್ಲಿ ಮಾಡಿದ ಸಿಹಿಯನ್ನೋ ಹಣ್ಣನ್ನೋ ಬೆಳಿಗ್ಗೆ ನಮಾಜಿಗೆ ಮುಂಚೆ ಕಳಿಸುವುದು ನಮ್ಮ ತಾಯಂದಿರ ರೂಢಿ. ಅದನ್ನು ಬಿಡಬೇಡಿ. ಅವರ ಮನೆಯ ಮುಂದೆ ಹಾದುಹೋಗುವಾಗ ಮಾಂಸದ ಡಬ್ಬಿಗೆ ಮುಚ್ಚಳವಿರಲಿ.

ಜಕಾತಿನ ಹಣ ಮುಸಲ್ಮಾನ ಬಡವರಿಗೇ ಹೋಗಬೇಕೆಂಬುದು ಮಸಲೆ. ಸ್ವಇಚ್ಛೆಯ ದಾನವಾದ ಸದಕಾಕ್ಕೆ ಆ ಗೆರೆಯಿಲ್ಲ. ಅದಕ್ಕೇ ಸದಕಾದ ಚೀಲ ಬೇರೆ ಇರಲಿ, ಅದು ಯಾವತ್ತೂ ಖಾಲಿಯಾಗದಿರಲಿ. ಮರದಿಂದ ಬಿದ್ದವನು ಯಾವ ಜಾತಿಯವನೆಂದು ವಿಚಾರಿಸುತ್ತ ಕೂರುವ ಪರಿಸ್ಥಿತಿ ಬರಬಾರದು.

8. ಕೊಬ್ಬರಿಯ ಜಕಾತನ್ನು ಅಂದಾಜಿನಲ್ಲಿ ಕೊಡಬೇಡಿ.

ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾದರೂ ಓದಿರಿ. ನಮ್ಮ ವ್ಯಾಪಾರಿಗಳಲ್ಲಿ ಬಹಳ ಮಂದಿ ರಂಜಾನಿನಲ್ಲಿ ಒಂದು ಮೊತ್ತ ತೆಗೆದು ಹಂಚಿ, ಜಕಾತ್ ಮುಗಿಯಿತೆಂದು ತಿಳಿಯುತ್ತಾರೆ. ಜಕಾತ್ ಎರಡೂವರೆ ಶೇಕಡಾ, ಅದಕ್ಕೆ ಲೆಕ್ಕ ಬೇಕು. ಚಾಂದ್ರಮಾನ ವರ್ಷ ತುಂಬುವ ದಿನ ಗೋದಾಮಿನಲ್ಲಿ ಮಾರಾಟಕ್ಕೆ ಇಟ್ಟ ಕೊಬ್ಬರಿ ಎಷ್ಟು ಕ್ವಿಂಟಲ್, ಆ ದಿನದ ಪೇಟೆ ಧಾರಣೆ ಎಷ್ಟು ಎಂದು ನೋಡಬೇಕು. ಕೊಂಡ ಬೆಲೆಯಲ್ಲ, ಅಂದಿನ ಬೆಲೆ. ಕೈಯಲ್ಲಿರುವ ನಗದು, ಬ್ಯಾಂಕಿನ ಹಣ, ಬರಬೇಕಾದ ಬಾಕಿ ಕೂಡಿಸಿ, ಕೊಡಬೇಕಾದ ಸಾಲ ಕಳೆಯಬೇಕು. ಅಂಗಡಿ ಕಟ್ಟಡ, ತಕ್ಕಡಿ, ಲಾರಿಗೆ ಜಕಾತಿಲ್ಲ.

ಧಾರಣೆ ಏರಿಳಿದಾಗ ಏನಾಗುತ್ತದೆಂದು ನೋಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಪೇಟೆಯಲ್ಲಿ 8,000ದ ಆಸುಪಾಸಿಗೆ ಕುಸಿಯಿತು. 2025ರಲ್ಲಿ 20,000 ದಾಟಿತು. ಐವತ್ತು ಕ್ವಿಂಟಲ್ ದಾಸ್ತಾನು ಇಟ್ಟವನ ಜಕಾತ್ ಮೊದಲ ಲೆಕ್ಕದಲ್ಲಿ 10,000 ರೂಪಾಯಿ, ಎರಡನೆಯದರಲ್ಲಿ 25,000. ಅಂದಾಜಿನಲ್ಲಿ ಕೊಡುವವನು ಏರಿದ ವರ್ಷವೂ ಹಳೆಯ ಹತ್ತೇ ಸಾವಿರ ಕೊಟ್ಟು ಕೈತೊಳೆದರೆ, ಉಳಿದ ಹದಿನೈದು ಸಾವಿರ ಬಡವರ ಹಕ್ಕು; ಅದು ಅವನ ಗಲ್ಲಾದಲ್ಲಿ ಕೂತಂತಾಯಿತು.

ಇದರ ಇನ್ನೊಂದು ಮಗ್ಗುಲೂ ಇದೆ. ಧಾರಣೆ ಬಿದ್ದ ವರ್ಷ ಬೆಳೆಗಾರ ಕೊಬ್ಬರಿಯನ್ನು ಅಟ್ಟದಲ್ಲೇ ಬಿಡುತ್ತಾನೆ, ಸುಲಿಯುವ, ಒಡೆಯುವ ಕೂಲಿ ನಿಲ್ಲುತ್ತದೆ. ಧಾರಣೆ ಹೆಚ್ಚಿದ ವರ್ಷ ಕಾಯಿ ದುಬಾರಿಯಾಗಿ ಕಾಯಿ ಪುಡಿ ಕಾರ್ಖಾನೆಯವರು ಪಾಳಿ ಕಡಿಮೆ ಮಾಡುತ್ತಾರೆ, ಹೆರೆಯುವ ಹೆಂಗಸರು ಮನೆಯಲ್ಲಿ ಕೂರುತ್ತಾರೆ. ಅಂದರೆ ಪೇಟೆ ಹೇಗೇ ಇದ್ದರೂ ಕೂಲಿಯವರಿಗೆ ಏಟು ಬೀಳುತ್ತದೆ. ಜಕಾತನ್ನು ಮುಂದಿನ ವರ್ಷಕ್ಕೆಂದು ಕೂಡಿಡುವುದು ಸರಿಯಲ್ಲ, ಅದು ಹಕ್ಕುದಾರರಿಗೆ ಬೇಗ ಮುಟ್ಟಬೇಕು. ಒಳ್ಳೆಯ ವರ್ಷ ವ್ಯಾಪಾರಿಗಳಿಂದ ಸದಕಾ ಬೇರೆಯಾಗಿ ಕೇಳಿ ತೆಗೆದಿಡಿ. ಕೆಲಸ ನಿಂತ ತಿಂಗಳುಗಳಿಗೆ ಆಗಿ ಬರುವುದು ಆ ಹಣ.

ಸ್ವಂತ ತೋಟದ ಫಸಲಿಗೆ ಉಶ್ರ್ ಎಂಬುದು ಬೇರೆ. ಮಳೆಯಾಶ್ರಿತಕ್ಕೆ ಹತ್ತರಲ್ಲಿ ಒಂದು, ದುಡ್ಡು ಖರ್ಚು ಮಾಡಿ ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲಿ ಒಂದು. ನಮ್ಮ ದೇಶದ ಜಮೀನಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ಆಲಿಮರನ್ನು ಕೇಳಿರಿ. ಫಸಲಿನಿಂದ ಏನೂ ತೆಗೆಯದೆ ಇರಬೇಡಿ ಎಂದಷ್ಟೇ ನಾನು ಹೇಳಬಲ್ಲೆ.

9. ಕೊಟ್ಟ ಮೇಲೆ ಅದು ಅವರದು.

ಜಕಾತಿನಲ್ಲಿ ತಮ್ಲೀಕ್ ಮುಖ್ಯ. ಹಣವೋ ವಸ್ತುವೋ ಪಡೆಯುವವರ ಸ್ವಂತ ಸ್ವತ್ತಾಗಬೇಕು. ಕಟ್ಟಡಕ್ಕೆ, ಶಾಮಿಯಾನಕ್ಕೆ ಜಕಾತ್ ಹೋಗುವಂತಿಲ್ಲ. ತಂದೆತಾಯಿಗೆ, ಮಕ್ಕಳಿಗೆ, ಹೆಂಡತಿಗೆ ಕೊಡುವಂತಿಲ್ಲ, ಆದರೆ ಅಣ್ಣತಮ್ಮ, ಅಕ್ಕತಂಗಿ, ಖಾಲಾ, ಫುಫ್ಪು ಕಷ್ಟದಲ್ಲಿದ್ದರೆ ಅವರಿಗೆ ಕೊಡುವುದೇ ಮೇಲು. ಎಷ್ಟೋ ಶ್ರೀಮಂತರ ಬಡ ತಂಗಿಯ ಹೆಸರು ಊರಿನ ಪಟ್ಟಿಯಲ್ಲಿ ಬರುವುದನ್ನು ನೋಡಿ ನನಗೆ ದುಃಖವಾಗಿದೆ.

ಹಳ್ಳಿಯಲ್ಲಿ ಮೇಯಿಸಲು ಜಾಗವಿರುವ ವಿಧವೆಯರಿಗೆ ಎರಡು ಹೆಣ್ಣು ಮೇಕೆ ಕೊಡುವುದು ನಾವು ಕಂಡ ಒಳ್ಳೆಯ ದಾರಿ. ಆದರೆ ಅವಸರ ಬೇಡ. ಮೇಕೆಗೆ ಐದು ತಿಂಗಳ ಗಬ್ಬ, ಹುಟ್ಟಿದ ಹೋತಮರಿಗೆ ವರ್ಷ ತುಂಬಬೇಕು. ಬಕ್ರೀದ್ ಬೆಲೆಗೆ ಮೊದಲ ಮಾರಾಟ ಆಗಲು ಒಂದೂವರೆ ವರ್ಷವಾದರೂ ಬೇಕು. ಅಲ್ಲಿಯವರೆಗೆ ತಿಂಗಳ ರೇಷನ್ ನಿಲ್ಲಿಸಿದರೆ ಆಕೆ ಮೇಕೆಯನ್ನೇ ಮಾರಬೇಕಾಗುತ್ತದೆ. ಮಗಳ ಫೀಜಿಗೆಂದು ಮಾರಿದರೂ ಪ್ರಶ್ನಿಸುವ ಹಕ್ಕು ನಮಗಿಲ್ಲ. ಪಟ್ಟಣದ ಒಂದು ಕೋಣೆಯಲ್ಲಿ ಇರುವವರಿಗೆ ಮೇಕೆ ಕೊಡಬೇಡಿ, ಹೊಲಿಗೆ ಯಂತ್ರ ಬೇಕೋ, ಹಳೆ ಬಾಡಿಗೆ ಬಾಕಿ ತೀರಬೇಕೋ ಎಂದು ಅವರನ್ನೇ ಕೇಳಿ.

ಕೊಡುವಾಗ ಫೋಟೋ ಬೇಡ. ಕೊಟ್ಟದ್ದನ್ನು ಎತ್ತಿ ಆಡುವುದರಿಂದ, ನೋಯಿಸುವುದರಿಂದ ದಾನ ವ್ಯರ್ಥವಾಗುತ್ತದೆಂದು ಬಕರಾ ಅಧ್ಯಾಯ ಎಚ್ಚರಿಸುತ್ತದೆ. ಮೊಬೈಲಿನಲ್ಲಿ ಉಳಿದ ಒಂದು ಫೋಟೋ ವರ್ಷಗಟ್ಟಲೆ ಎತ್ತಿ ಆಡುತ್ತದೆ. ಆ ಮನೆಯ ಹುಡುಗನ ಸಹಪಾಠಿ ಅದನ್ನು ನೋಡುತ್ತಾನೆ.

10. ಗುಂಡಿ ಮತ್ತು ಚರ್ಮ.

ರಕ್ತ, ಕರುಳಿನ ಹೊಲಸು ಚರಂಡಿಗೆ ಹರಿಯಬಾರದು. ಪಟ್ಟಣದಲ್ಲಿ ನಗರಸಭೆಯವರ ಜೊತೆ ಮೊದಲೇ ಮಾತಾಡಿ ಗಾಡಿ ಗೊತ್ತು ಮಾಡಿ, ರಸ್ತೆಯಲ್ಲಿ ಕೊಯ್ಯಬೇಡಿ. ತೋಟವಿದ್ದವರು ಮರದ ಬುಡದಿಂದ ಆರಡಿ ದೂರಕ್ಕೆ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ, ಮಣ್ಣು ಮುಚ್ಚಿ, ನಾಯಿ ಕೆರೆಯದಂತೆ ಕಲ್ಲು ಹೇರಿದರೆ ತೆಂಗಿಗೆ ಗೊಬ್ಬರವೂ ಆಯಿತು. ಚರ್ಮವನ್ನು ಮಾರಿದರೆ ಆ ಹಣ ಬಡವರಿಗೇ ಸೇರಬೇಕು. ಹಿಂದೆ ಮದ್ರಸಗಳಿಗೆ ಅದೊಂದು ಆಧಾರವಾಗಿತ್ತು, ಈಗ ಚರ್ಮದ ಬೆಲೆ ನೆಲ ಕಚ್ಚಿದೆ. ಕೊಳ್ಳುವವರು ಇದ್ದರೆ ಅಂದೇ ಉಪ್ಪು ಸವರಿ ಇಡಿ, ಇಲ್ಲದಿದ್ದರೆ ಹೂಳಿ. ಮದ್ರಸಕ್ಕೆ ಹಣವನ್ನೇ ಕೊಡಿ.

11. ಎರಡು ಪುಸ್ತಕ ಇಡಿ.

ಒಂದರಲ್ಲಿ ಹಣ, ಇನ್ನೊಂದರಲ್ಲಿ ಹೆಸರು. ಹಣದ ಪುಸ್ತಕದಲ್ಲಿ ಜಕಾತ್, ಫಿತ್ರಾ, ಸದಕಾ ಬೇರೆ ಬೇರೆ ಅಂಕಣದಲ್ಲಿರಲಿ, ಒಂದರ ಹಣ ಇನ್ನೊಂದಕ್ಕೆ ಬೆರೆಯದಿರಲಿ. ಅದರ ಮೊತ್ತಗಳನ್ನು ಹಬ್ಬವಾದ ಮೊದಲ ಜುಮ್ಮಾದಂದು ಮಸೀದಿಯ ಬೋರ್ಡಿನಲ್ಲಿ ಬರೆದು ಹಾಕಿ. ಎಷ್ಟು ಬಂತು, ಎಷ್ಟು ಮನೆಗೆ ಹೋಯಿತು, ಎಷ್ಟು ಉಳಿದಿದೆ ಎಂದು ಯಾರು ಬೇಕಾದರೂ ನಿಂತು ಓದುವಂತಿರಲಿ. ಹೆಸರಿನ ಪುಸ್ತಕ ಇಬ್ಬರ ಹತ್ತಿರ ಮಾತ್ರ ಇರಬೇಕು, ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಬೇಕು. ಮುತವಲ್ಲಿ ಕೇಳಿದರೂ ಅದನ್ನು ತೋರಿಸಬೇಡಿ. ಪಡೆಯುತ್ತಿದ್ದ ಮನೆಯೊಂದು ತಾನೇ ಕೊಡುವ ಸ್ಥಿತಿಗೆ ಬಂದ ವರ್ಷ ಅವರ ಹೆಸರಿನ ಪುಟವನ್ನು ಹರಿದು ಸುಟ್ಟುಬಿಡಿ. ಮುಂದೆ ಅವರ ಮಗ ಕಮಿಟಿಯ ಚುನಾವಣೆಗೆ ನಿಂತಾಗ ಯಾರೂ ಅದನ್ನು ತೆರೆದು ಓದುವಂತಾಗಬಾರದು.